ಮೊದಲು ಸೂಜಿ, ಆಮೇಲೆ ಬರೆ

ಸಂತೆಯಲ್ಲಿ ಗಿರಾಕಿಯನ್ನು ಅಳೆಯುವಾಗ ನಾನು ಕಾಲಿನಿಂದ ಶುರು ಮಾಡುತ್ತೇನೆ. ಮುಖ ನೋಡಿ ಮೋಸಹೋದ ವ್ಯಾಪಾರಿಗಳು ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಿಮ್ಮಡಿ ನೋಡಿ ಮೋಸಹೋದವರನ್ನು ನಾನು ಕಂಡಿಲ್ಲ. ದೊಡ್ಡಗಂಗಮ್ಮನ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟಿತ್ತು. ಬಸ್ಸಿಗೆ ಕೊಡುವುದನ್ನು ಉಳಿಸಿ ನಡೆದು ಬಂದವಳು, ಚೌಕಾಸಿ ಗಟ್ಟಿ ಮಾಡುತ್ತಾಳೆ. ಸೀರೆ ಬಣ್ಣ ಬಿಟ್ಟಿತ್ತು, ತೇಪೆ ಇರಲಿಲ್ಲ. ಸಾಲ ಕೇಳುವವಳಲ್ಲ. ಹಣೆ ಬರಿದು, ಕೈ ಬರಿದು. ಚೀಲ ಅಂಗೈಯಗಲ, ಒಬ್ಬಳೇ ಬೇಯಿಸಿಕೊಂಡು ಒಬ್ಬಳೇ ಉಣ್ಣುವವಳು. ಇಡೀ ಹೆಂಗಸನ್ನು ತಕ್ಕಡಿಗೆ ಹಾಕಿದರೂ ಅರ್ಧ ಮೂಟೆ ಒಣಮೆಣಸಿನಕಾಯಿಗಿಂತ ಹೆಚ್ಚು ತೂಗುತ್ತಿರಲಿಲ್ಲ. ಲಾಭವೂ ಇಲ್ಲ, ತಂಟೆಯೂ ಇಲ್ಲ ಎಂದು ಮನಸ್ಸಿನಲ್ಲೇ ಬೆಲೆ ಕಟ್ಟಿ ಬೇರೆ ಗಿರಾಕಿಯ ಕಡೆ ತಿರುಗಿದೆ.

ನನ್ನದು ಅರಿಶಿನ, ಮೆಣಸಿನಕಾಯಿ, ಧನಿಯದ ವ್ಯಾಪಾರ. ಅಂಗಡಿ ತುಮಕೂರಿನಲ್ಲಿ, ಮನೆ ಉಪ್ಪಾರಹಳ್ಳಿಯಲ್ಲಿ. ಎಪ್ಪತ್ತೊಂದನೇ ಇಸವಿಯಿಂದ ವಾರಕ್ಕೊಮ್ಮೆ ಕುಣಿಗಲ್ ಸಂತೆಗೂ ಮೂಟೆ ಹೇರಿಕೊಂಡು ಹೋಗುತ್ತಿದ್ದೆ. ದೊಡ್ಡಗಂಗಮ್ಮ ಕೊತ್ತಗೆರೆಯಿಂದ ಬಂದು ನನ್ನ ಅರಿಶಿನದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಏಳುತ್ತಿರಲಿಲ್ಲ. ಮಿಕ್ಕವರು ದಪ್ಪ ಕೊಂಬು ಹುಡುಕಿದರೆ ಈಕೆಗೆ ಕಿರುಬೆರಳಿನಷ್ಟು ಸಣ್ಣದು, ನೆಟ್ಟಗಿರುವುದು, ಚೆನ್ನಾಗಿ ಒಣಗಿದ್ದೇ ಆಗಬೇಕು. ಒಂದೊಂದನ್ನೂ ಎತ್ತಿ, ತಿರುಗಿಸಿ, ಉಗುರಿನಲ್ಲಿ ತಟ್ಟಿ ನೋಡುವಳು.

“ಏನಮ್ಮ, ಅರಿಶಿನ ಆರಿಸ್ತಿದೀಯೋ, ಗಂಡು ಆರಿಸ್ತಿದೀಯೋ?” ಅಂದೆ ಒಂದು ಸಲ.

“ಗಂಡು ಆರ್ಸುವಾಗ ನಮ್ಮಪ್ಪ ನನ್ನ ಕೇಳ್ನಿಲ್ಲ ಶೆಟ್ರೆ. ಇದ್ನಾರ ನಾನೇ ಆರಿಸ್ಕತೀನಿ, ಬುಡಿ.”

ಮಾತು ಬರುವ ಹೆಂಗಸು ಎಂದು ಖುಷಿಯಾಯಿತು. ಆದರೆ ಕೆಲವು ವಾರ ಕಳೆದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಈಕೆ ಬಂದು ಕೂತ ಹೊತ್ತಿಗೆ ನನ್ನ ವ್ಯಾಪಾರ ಬೀಳುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು ನನ್ನ ರಾಶಿ ಬಿಟ್ಟು ಎದುರು ಸಾಲಿಗೆ ದಾಟುತ್ತಿದ್ದರು. ಹತ್ತಿರದ ಪುರಿ ಮೂಟೆಯ ಸುತ್ತ ಇರುವೆಗಳ ಹಾಗೆ ಮುತ್ತಿದ್ದ ಹೈಕಳು ಇದ್ದಕ್ಕಿದ್ದಂತೆ ಮಾಯ. ಪಕ್ಕದಲ್ಲಿ ವೀಳ್ಯದೆಲೆ ಮಾರುತ್ತಿದ್ದ ಬಸವಲಿಂಗಮ್ಮನನ್ನು ಕೇಳಿದೆ.

“ಗೊತ್ತಿಲ್ವಾ ಶೆಟ್ರೆ? ಕೊತ್ತಗೆರೆ ಬರೆ ಅಜ್ಜಿ. ನಿಮ್ ಅರಿಶ್ನ ಸಾರಿಗೆ ಬೀಳಾಕಲ್ಲ ಅವ್ಳು ತಗಳಾದು. ತುದಿ ಸುಟ್ಟು ಮಕ್ಕಳ ಹೊಟ್ಟೆಗೆ ಮುಟ್ಸಾಕೆ.”

ಅಷ್ಟು ವಾರಗಳಿಂದ ನಾನು ಆಕೆಯ ತೂಕ ಹಾಕುತ್ತಿದ್ದದ್ದು ಬೇರೆ, ಆಕೆಯ ತೂಕವೇ ಬೇರೆ.

ಆ ಕಡೆಯ ಪದ್ಧತಿ ಹೀಗಿತ್ತು. ಮಗುವಿಗೆ ಸೆಳವು ಬಂದರೆ ಬರೆ, ಕಾಮಾಲೆಯಾದರೆ ಬರೆ, ಉಂಡದ್ದು ಮೈಗೆ ಹತ್ತದಿದ್ದರೆ ಬರೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ದರೂ, ಹಟ ಮಾಡಿದರೂ ಕಡೆಗೆ ಅದೇ. ಬರೆ ಹಾಕುವ ಕೈ ಅತ್ತೆಯಿಂದ ಸೊಸೆಗೆ ಬರುತ್ತದೆ. ಕಾಸು ಮುಟ್ಟಿದರೆ ಕೈಗುಣ ಹೋಗುತ್ತದೆಂದು ಎಲೆ, ಒಂದು ಅಡಿಕೆ ಮಾತ್ರ. ತಾಯಿ ಎಲೆಯಡಿಕೆ ತಂದು ಮುಂದಿಟ್ಟಳೆಂದರೆ ಇಲ್ಲವೆನ್ನುವ ಹಾಗಿಲ್ಲ. ಗಂಡಸರಿಗೆ ಇದರಲ್ಲಿ ಪಾಲಿಲ್ಲ. ಹೊತ್ತು ಮೂಡುವ ಮುಂಚೆ ಹೆಂಗಸರೇ ಮಗುವನ್ನು ತಂದು, ಕೈಕಾಲು ಹಿಡಿದುಕೊಂಡು, ಮುಗಿಸಿಕೊಂಡು ಹೋಗುವುದು. ಊಟ ಮಾಡದ ಮಗುವಿಗೆ ಆ ಸೀಮೆಯಲ್ಲೆಲ್ಲ ಒಂದೇ ಮಾತು: “ಉಣ್ತೀಯೋ, ದೊಡ್ಡಗಂಗಮ್ಮನ್ನ ಕರೀಲೋ?”

ಆಕೆಗೆ ಮಕ್ಕಳಾಗಿರಲಿಲ್ಲ. ಗಂಡ ಬೇಗ ಸತ್ತಿದ್ದ. ಮಕ್ಕಳೆಂದರೆ ಪ್ರಾಣ ಎಂಬುದನ್ನು ನಾನು ಆಕೆಯ ಬಾಯಿಂದ ಕೇಳಲಿಲ್ಲ, ಕಣ್ಣಿನಲ್ಲಿ ನೋಡಿದೆ. ಸಂತೆಗೆ ಬಂದಾಗಲೆಲ್ಲ ಒಂದು ಪೊಟ್ಟಣ ಬೆಂಡು ಬತ್ತಾಸು ಕಟ್ಟಿಸಿಕೊಳ್ಳುತ್ತಿದ್ದಳು. ಯಾವುದಾದರೂ ಮಗು ಹತ್ತಿರ ಸುಳಿದರೆ ಕೈ ಚಾಚುವಳು. ಮಗು ಚೀರುವುದು, ತಾಯಿ ಎಳೆದುಕೊಳ್ಳುವಳು. ಸಂತೆ ಮುಗಿಯುವಾಗ ಆ ಬತ್ತಾಸನ್ನು ಆಕೆಯೇ ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಕೊತ್ತಗೆರೆ ದಾರಿ ಹಿಡಿಯುತ್ತಿದ್ದಳು.

“ಹಲ್ಲಿಲ್ದೋಳಿಗೆ ಬತ್ತಾಸೇ ಊಟ,” ಎನ್ನುವಳು, ನಾನು ನೋಡಿದ್ದು ಗೊತ್ತಾದರೆ. ಹಲ್ಲು ಆಗ ನೆಟ್ಟಗೇ ಇದ್ದವು.

ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು. ಸಂತೆ ಮುಗಿಸಿ ತುಮಕೂರಿನ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ದೊಡ್ಡಗಂಗಮ್ಮ. ಗುಬ್ಬಿಯ ಹತ್ತಿರ ಆಕೆಯ ತವರು. ತುಮಕೂರಿಗೆ ಬಂದು ಅಲ್ಲಿಂದ ಬೇರೆ ಬಸ್ಸು. ಜನ ಕಿಕ್ಕಿರಿದಿದ್ದರು. ಬಾಗಿಲಲ್ಲಿ ಜೋತಾಡುತ್ತಿದ್ದ ಒಬ್ಬ ಗಂಡಸು, ನಮ್ಮ ಕಡೆಯ ರೂಢಿಯಂತೆ, ಕೂತಿದ್ದವರ ಮಡಿಲಿಗೆ ತನ್ನ ಮಗುವನ್ನು ದಾಟಿಸಿದ. ಕೈಯಿಂದ ಕೈಗೆ ಬಂದು ಆ ಮಗು ಇಳಿದದ್ದು ದೊಡ್ಡಗಂಗಮ್ಮನ ತೊಡೆಯ ಮೇಲೆ. ಐದು ವರ್ಷದ ಹುಡುಗಿ. ಆಕೆ ಯಾರೆಂದು ಅಪ್ಪನಿಗೂ ಗೊತ್ತಿಲ್ಲ, ಮಗುವಿಗೂ ಗೊತ್ತಿಲ್ಲ.

ದೊಡ್ಡಗಂಗಮ್ಮ ಉಸಿರು ಬಿಗಿಹಿಡಿದು ಕೂತಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅಲುಗಾಡಿದರೆ ಮಗು ಎದ್ದು ಹೋದೀತೇನೋ ಎನ್ನುವ ಹಾಗೆ. ಬತ್ತಾಸಿನ ಪೊಟ್ಟಣ ಬಿಚ್ಚಿದಳು. ಹುಡುಗಿ ಎರಡು ಕೈಯಲ್ಲೂ ತಿಂದಿತು, ಸೀರೆಯ ಸೆರಗಿಗೇ ಬಾಯಿ ಒರೆಸಿಕೊಂಡಿತು. ಬಸ್ಸು ಕುಲುಕಿದಾಗ ಅಂಗಿ ಮೇಲೆ ಸರಿಯಿತು. ಹೊಕ್ಕುಳಿನ ಸುತ್ತ ಬಟಾಣಿಯಷ್ಟು ಬಿಳಿಯ ಕಲೆಗಳು. ಒಬ್ಬೊಬ್ಬರು ಬರೆ ಹಾಕುವ ಜಾಗ ಒಂದೊಂದು. ನಾನು ಕಟ್ಟಿದ ಮೂಟೆಯ ಗಂಟನ್ನು ನಾನು ಗುರುತು ಹಿಡಿಯುವ ಹಾಗೆ ಆಕೆ ತನ್ನ ಕೈಕೆಲಸವನ್ನು ಗುರುತು ಹಿಡಿದಳು.

“ಇದೇನ್ ಮಗ?” ಅಂದಳು.

“ಬರೆ. ನಾನು ಪಾಪು ಇದ್ದಾಗ ಹಾಕ್ಸಿದ್ರಂತೆ. ಕೊತ್ತಗೆರೇಲಿ ಒಬ್ಳು ಅಜ್ಜಿ ಅವ್ಳೆ.” ಹುಡುಗಿ ಇನ್ನೊಂದು ಬತ್ತಾಸು ತೆಗೆದುಕೊಂಡಿತು. “ನೀನು ಯಾವೂರು ಅಜ್ಜಿ?”

“ಗುಬ್ಬಿ ಕಡೆ.”

“ಕೊತ್ತಗೆರೆ ಅಜ್ಜಿ ಸತ್ತೋದ್ಲಾ? ನಿಂಗೊತ್ತಾ?”

“ಯಾಕವ್ವ?”

“ನಂಗೆ ತಂಗಿ ಹುಟ್ಟವ್ಳೆ. ಭಾಳ ಅಳ್ತಾಳೆ. ಅವ್ಳು ಸತ್ತೋಗಿದ್ರೆ ಪಾಪೂಗೆ ಹಾಕ್ಸಕ್ಕಾಗಲ್ಲ ಅಲ್ವಾ?”

ಆಕೆ ಪೊಟ್ಟಣದಲ್ಲಿ ಉಳಿದಿದ್ದ ಬತ್ತಾಸನ್ನೆಲ್ಲ ಹುಡುಗಿಯ ಅಂಗೈಗೆ ಸುರಿದಳು.

“ಸತ್ತೋದ್ಲು ಕಣ್ ಮಗ.”

“ದೇವ್ರಾಣೆ?”

“ದೇವ್ರಾಣೆ.”

ಹುಡುಗಿ ನಿರಾಳವಾಗಿ ಆಕೆಯ ಎದೆಗೊರಗಿ ನಿದ್ದೆ ಹೋಯಿತು. ತುಮಕೂರಿನಲ್ಲಿ ಅಪ್ಪ ಬಂದು ಎತ್ತಿಕೊಂಡು ಹೋದ ಮೇಲೂ ಆಕೆ ಸೀಟಿನಿಂದ ಏಳಲಿಲ್ಲ. ಕಂಡಕ್ಟರು, “ಏನಜ್ಜಿ, ಬಸ್ಸು ನಿನ್ ಹೆಸರಿಗೆ ಬರಕೊಡಬೇಕಾ?” ಎಂದ ಮೇಲೆ ಇಳಿದಳು. ನಾನು ಹಿಂದೆ ಕೂತಿದ್ದು ಆಕೆಗೆ ಗೊತ್ತಿತ್ತೋ ಇಲ್ಲವೋ.

ಅಂದಿನಿಂದ ಆಕೆ ಬರೆ ಹಾಕುವುದನ್ನು ನಿಲ್ಲಿಸಿದಳು. ನನ್ನ ರಾಶಿಯ ಮುಂದೆ ಕೂರುವುದೂ ನಿಂತಿತು. ಎಲೆಯಡಿಕೆ ಇಟ್ಟ ತಾಯಂದಿರಿಗೆ ಎಲೆಯಡಿಕೆ ವಾಪಸ್ಸು ಕೊಟ್ಟು, “ನನ್ ಕೈ ಹೋಯ್ತು” ಎಂದು ಕದ ಹಾಕಿಕೊಂಡಳಂತೆ. ಊರು ಬೈಯಿತು. ದೇವರು ಕೊಟ್ಟ ಕೈಯನ್ನು ಮುಚ್ಚಿಟ್ಟುಕೊಂಡವಳು ಎಂದು ಬಾವಿಕಟ್ಟೆಯಲ್ಲಿ ಆಕೆಯೊಡನೆ ಮಾತು ಬಿಟ್ಟರು. ಮೊದಲೇ ಮಕ್ಕಳು ಬರುತ್ತಿರಲಿಲ್ಲ, ಈಗ ತಾಯಂದಿರೂ ಬರದಾದರು. ಹಾಗಂತ ಮಕ್ಕಳ ಹೆದರಿಕೆಯೇನೂ ಹೋಗಲಿಲ್ಲ. ಅಂಗಡಿ ಮುಚ್ಚಿದ ಮಾತ್ರಕ್ಕೆ ಬೋರ್ಡು ಇಳಿಯುತ್ತದೆಯೆ? ಮಕ್ಕಳು ಆಕೆಯ ಬೀದಿಯನ್ನು ಬಳಸಿಕೊಂಡೇ ಸ್ಕೂಲಿಗೆ ಹೋಗುತ್ತಿದ್ದರು.

ಒಂದು ಸಂತೆಯ ದಿನ ಬಂದು ನನ್ನ ಮೂಟೆಗೆ ಒರಗಿ ಕೂತಳು. ಕಣ್ಣು ಕೆಂಪಗಿತ್ತು.

“ಮೆಣಸಿನಕಾಯಿ ಮೂಟೆಗೆ ಒರಗಿದ್ರೆ ಹಂಗೇ ಆಗೋದು. ಈಚೆ ಬಾ,” ಅಂದೆ.

“ಯಲ್ಲಯ್ಯನ ತಾವ ಹೊಯ್ತಾವ್ರೆ ಶೆಟ್ರೆ.”

ಯಲ್ಲಯ್ಯ ಆಚೆ ಹಳ್ಳಿಯವನು. ಅತ್ತೆಯಿಂದ ಬಂದ ಕೈಯೂ ಅಲ್ಲ, ಯಾರಿಂದ ಬಂದ ಕೈಯೂ ಅಲ್ಲ. ಈಕೆ ಕದ ಹಾಕಿದ್ದು ಕಂಡು ತಾನು ಕದ ತೆಗೆದಿದ್ದ. ಅರಿಶಿನವಲ್ಲ, ಕುಡುಗೋಲಿನ ತುದಿ. ಹಿಂದಿನ ವಾರ ಒಂದು ಹಾಲುಗೂಸಿನ ಹೊಟ್ಟೆ ಕೀವು ತುಂಬಿ, ಕುಣಿಗಲ್ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಅದರ ತಾಯಿ ಮೊದಲು ಬಂದದ್ದು ದೊಡ್ಡಗಂಗಮ್ಮನ ಬಾಗಿಲಿಗೆ.

“ನಾನು ಇಲ್ಲ ಅಂದಿದ್ಕೇ ಅಲ್ವಾ ಅವ್ಳು ಅಲ್ಲಿಗೆ ಹೋಗಿದ್ದು?” ಅಂದಳು. “ಹಾಕುದ್ರೆ ನನ್ ಕೈಲಿ ಸುಡ್ತವೆ, ಬುಟ್ರೆ ಅವ್ನ ಕೈಲಿ ಸುಡ್ತವೆ. ಏನ್ ಮಾಡ್ಲಿ ಹೇಳಿ.”

ನನಗೆ ಗೊತ್ತಿರುವುದು ವ್ಯಾಪಾರ ಒಂದೇ. ಅದನ್ನೇ ಹೇಳಿದೆ.

“ನೋಡು ಗಂಗಮ್ಮ, ಮಾಲಿಲ್ಲ ಅಂದ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ. ಮಾಲಿದೆ, ಮೂಟೆ ಇನ್ನೂ ಬಿಚ್ಚಿಲ್ಲ, ನಾಳೆ ಬಾ ಅಂದ್ರೆ ನಾಳೆ ನನ್ ಹತ್ರಾನೇ ಬರ್ತಾನೆ. ನೀನು ಬಾಗ್ಲು ಹಾಕ್ದೆ, ಯಲ್ಲಯ್ಯ ಬೋಣಿ ಮಾಡ್ದ.”

“ನಾಳೆ ಬಂದ್ರೆ?”

“ನಾಳೆಗೆ ಇನ್ನೊಂದು ನಾಳೆ ಇಲ್ವಾ?”

ಆಕೆ ಎದ್ದು ಹೋದಳು. ನಾನು ಬರೀ ದಾರದ ತುದಿ ಕೊಟ್ಟಿದ್ದೆ, ಬಟ್ಟೆ ನೇಯ್ದದ್ದು ಆಕೆ. ಮರುವಾರ ಬಂದು ಪುನಃ ಸಣ್ಣ ಕೊಂಬು ಆರಿಸತೊಡಗಿದಳು, ಎಲ್ಲರಿಗೂ ಕಾಣುವ ಹಾಗೆ, ಜೋರಾಗಿ ಚೌಕಾಸಿ ಮಾಡುತ್ತ. ಕೊತ್ತಗೆರೆಯಲ್ಲಿ ಕದ ತೆರೆದಿತ್ತು. ಕೈ ಮರಳಿ ಬಂದಿದೆ ಎಂದು ಸುದ್ದಿಯಾಗಿತ್ತು. ಆದರೆ ಒಂದು ಕಟ್ಟಳೆ ಹೊಸದು: “ಹಾಕ್ತೀನಿ ಕಣವ್ವ, ಯಾಕಾಕಲ್ಲ? ಮೊದ್ಲು ಕುಣಿಗಲ್ ಡಾಕ್ಟ್ರ ತಾವ ಸೂಜಿ ಹಾಕಿಸ್ಕಂಬಾ. ಸೂಜಿ ಮ್ಯಾಲೆ ಬರೆ ಹಾಕುದ್ರೇ ಹಿಡಿಯಾದು. ಬರೀ ಬರೆ ಈ ಕಾಲ್ದ ರೋಗಕ್ಕೆ ನಾಟಾಕಿಲ್ಲ.”

ತಾಯಂದಿರು ಕುಣಿಗಲ್ಲಿಗೆ ಹೋದರು. ಸೂಜಿ, ಔಷಧಿಯಿಂದ ಬಹಳ ಮಕ್ಕಳು ಅಲ್ಲೇ ಸರಿಹೋದವು. ಸರಿಹೋದರೂ ಬಿಡದೆ ಬರೆಗೆಂದು ಬಂದವರಿಗೆ, “ಅಮಾಸೆ ಕಳೀಲಿ,” “ಮಗೀನ್ ಮೈ ಇನ್ನೂ ಬಿಸಿ ಐತೆ, ಆರ್ಲಿ,” “ಶೆಟ್ಟಿ ಹಸಿ ಅರಿಶ್ನ ಕೊಟ್ಟವ್ನೆ, ಒಣಗ್ಲಿ” ಎಂದು ನಾಳೆಯ ಮೇಲೆ ನಾಳೆ. ನನ್ನ ಮಾಲಿಗೆ ಕೆಟ್ಟ ಹೆಸರು ಬಂತು. ಸಹಿಸಿಕೊಂಡೆ.

ಹಟಕ್ಕೆ, ಉಚ್ಚೆಗೆ ಬರೆ ಕೇಳಿ ಬಂದವರಿಗೆ ಹೂಡಿದ ಉಪಾಯವಂತೂ ನನ್ನಂಥವನಿಗೂ ಹೊಳೆಯುವಂಥದ್ದಲ್ಲ. ಅದಕ್ಕೆ ತಾಯಿಯಾದವಳು ಒಂದು ವ್ರತ ಮಾಡಬೇಕು: ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ಆ ಮಗುವಿನ ಮೇಲೆ ಕೈ ಎತ್ತಬಾರದು. ಕೈ ಎತ್ತಿದರೆ ವ್ರತ ಕೆಟ್ಟಿತು, ಮುಂದಿನ ಹುಣ್ಣಿಮೆಯಿಂದ ಮತ್ತೆ ಶುರು. ವ್ರತ ಮುಗಿದ ಮೇಲೆ ಬರೆ. ವ್ರತ ಮುಗಿಸಿದ ತಾಯಿ ಯಾರಾದರೂ ಇದ್ದಾರಾ ಎಂದು ಕೇಳಿದ್ದಕ್ಕೆ ಹೇಳಿದಳು: “ಎಲ್ಲಿ ಶೆಟ್ರೆ! ಆ ರಂಗಲಕ್ಷ್ಮಮ್ಮ ಮೂರ್ ಸಲ ಶುರು ಮಾಡವ್ಳೆ. ಏಟ್ ಬಿದ್ದೇಟ್ಗೆ ಆ ಹೈದನೇ ‘ವ್ರತ ಕೆಡ್ತು, ವ್ರತ ಕೆಡ್ತು’ ಅಂತ ಬೀದೀಗೆಲ್ಲ ಸಾರ್ಕಂಬತ್ತಾನೆ!”

ಆವತ್ತು ಇಬ್ಬರೂ ಬಹಳ ಹೊತ್ತು ನಕ್ಕೆವು. ಯಲ್ಲಯ್ಯನ ಬಾಗಿಲಿಗೆ ಜನ ಕಡಿಮೆಯಾದರು. ಕಡೆಗೆ ಅವನು ಕುಡುಗೋಲನ್ನು ಹುಲ್ಲು ಕೊಯ್ಯಲು ಹಚ್ಚಿದ. ನನ್ನ ಅರಿಶಿನ ಆಕೆಯ ಬಾಗಿಲಲ್ಲಿ ತೋರಣದ ಹಾಗೆ ದಾರದಲ್ಲಿ ಜೋತಾಡುತ್ತ ಹುಳು ಹಿಡಿಯಿತಂತೆ. ಒಂದು ಕೊಂಬಿನ ತುದಿಯೂ ಬೆಂಕಿ ಕಾಣಲಿಲ್ಲ.

ವ್ಯಾಪಾರವೆಂದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಳ್ಳುವುದು. ಆಕೆ ಏನು ಕೊಡುತ್ತಿದ್ದಾಳೆಂದು ನನಗೆ ಅರ್ಥವಾದದ್ದು ತಡವಾಗಿ. ಬರೆ ಹಾಕುವವಳೆಂಬ ಹೆಸರಿದ್ದರೆ ಮಾತ್ರ ತಾಯಂದಿರು ಆಕೆಯ ಮಾತು ಕೇಳಿ ಡಾಕ್ಟರ ಹತ್ತಿರ ಹೋಗುವುದು. ಆ ಹೆಸರಿರುವವರೆಗೆ ಯಾವ ಮಗುವೂ ಹತ್ತಿರ ಸುಳಿಯುವುದಿಲ್ಲ. ಮಕ್ಕಳ ಮೈ ಉಳಿಯಬೇಕಾದರೆ ಮಕ್ಕಳು ಆಕೆಯನ್ನು ಕಂಡು ಓಡುತ್ತಲೇ ಇರಬೇಕು.

ಒಂದು ದಿನ ಬತ್ತಾಸಿನ ಪೊಟ್ಟಣ ತಿರುವುತ್ತ ಕೇಳಿದಳು: “ಶೆಟ್ರೆ, ಒಂದೇ ಒಂದ್ ಮಗೀಗಾರ ನಿಜ ಹೇಳ್ಬುಡ್ಲಾ? ನಮ್ಮೆದುರುಮನೆ ಕೂಸೊಂದೈತೆ. ಬೇಲಿ ಸಂದೀಲಿ ನನ್ನೇ ನೋಡ್ತಿರ್ತದೆ. ಬುದ್ವಂತ ಮಗ.”

“ಮಕ್ಕಳ ಬಾಯಲ್ಲಿ ಗುಟ್ಟು, ತೂತು ಚೀಲದಲ್ಲಿ ಸಾಸಿವೆ. ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಯಲ್ಲಯ್ಯ ಕುಡುಗೋಲು ಮಸೀತಾನೆ.”

“ಅದೂ ದಿಟವೇ ಬುಡಿ.”

ಆ ಮೇಲೆ ಆ ಮಾತು ಎತ್ತಲಿಲ್ಲ. ಬತ್ತಾಸು ಕೊಳ್ಳುವುದನ್ನು ಬಿಟ್ಟಳು.

ಎಂಬತ್ತೊಂದರ ಬೇಸಿಗೆಯಲ್ಲಿ ನನ್ನ ಮಗಳು ಸುಗುಣ ಇನ್ನೂ ಮೂರು ತುಂಬದ ಕೂಸು. ಜ್ವರ ಬಂದಾಗ ಸೆಳವು ಬಂತು. ಕಣ್ಣು ಮೇಲಾಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ತುಮಕೂರಿನ ಡಾಕ್ಟರು ಔಷಧಿ ಕೊಟ್ಟರು. ಮುಂದಿನ ಜ್ವರಕ್ಕೆ ಮತ್ತೆ ಸೆಳವು. ನನ್ನ ಹೆಂಡತಿ ಕಮಲಾಕ್ಷಮ್ಮ ಔಷಧಿಯ ಸೀಸೆಯನ್ನು ಮೂಲೆಗೆ ಸರಿಸಿ ಎದ್ದು ನಿಂತಳು.

“ಕೊತ್ತಗೆರೆಗೆ ಹೋಗೋಣ, ನಡೀರಿ.”

“ಅವಳು ಹಾಕೋದಿಲ್ಲ ಕಣೇ. ನಿಂಗೆ ಎಲ್ಲಾ ಹೇಳಿದೀನಲ್ಲ.”

“ಹಾಕಲ್ಲ ಅಷ್ಟೇ. ಕೈಗುಣ ಎಲ್ಲಿ ಹೋಗುತ್ತೆ? ಊರೋರಿಗೆ ನಾಟಕ ಆಡ್ಲಿ. ನಾವು ಗೊತ್ತಿರೋರು, ನಮಗೆ ಹಾಕ್ತಾಳೆ.”

ನಾನು ವಾದಿಸಿದೆ. ಮಗು ಮತ್ತೆ ಸೆಟೆದುಕೊಂಡರೆ ನೀವು ನೋಡ್ಕೋತೀರಾ ಎಂದಳು. ಬೆಳಗಿನ ಬಸ್ಸು ಹತ್ತಿದೆವು. ಕೊತ್ತಗೆರೆಯ ಜನ ಬರೆ ಬಿಟ್ಟು ಆಸ್ಪತ್ರೆಗೆ ಹೋಗಲು ಕಲಿತಿದ್ದರು. ಆಸ್ಪತ್ರೆಯ ಪಕ್ಕದಲ್ಲೇ ಇರುವ ನಾವು ಬರೆ ಹುಡುಕಿಕೊಂಡು ಕೊತ್ತಗೆರೆಗೆ ಹೊರಟಿದ್ದೆವು.

ದೊಡ್ಡಗಂಗಮ್ಮನ ಮನೆಯನ್ನು ನಾನು ಅಂದೇ ನೋಡಿದ್ದು. ಗುಡಿಸಿ ಸಾರಿಸಿದ ಸಣ್ಣ ಜಗಲಿ. ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಆಕೆ ಸುಗುಣಳ ಹಣೆ ಮುಟ್ಟಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು.

“ಕಾದ ಹೆಂಚಾಗೈತೆ. ಹಾಕ್ತೀನಿ ತಾಯಿ, ಮೊದ್ಲು ಸೂಜಿ…”

“ಆ ಮಾತು ನಮ್ಮ ಅಂಗಡೀದು ಗಂಗಮ್ಮ,” ಅಂದಳು ಕಮಲಾಕ್ಷಮ್ಮ. “ನಮ್ಮ ಮಾಲನ್ನ ನಮಗೇ ಮಾರಬೇಡ.”

ಮಗುವಿನ ಲಂಗವನ್ನು ತಾನೇ ಮೇಲೆತ್ತಿ, ಸೆರಗಿನ ಗಂಟಿನಿಂದ ಎಲೆಯಡಿಕೆ ತೆಗೆದು ಮುಂದಿಟ್ಟಳು. ನಾನು ಸೂರಿನ ಹೆಂಚು ನೋಡುತ್ತ ನಿಂತೆ. ನಾಳೆ ಬಾ ಎನ್ನುವ ದಾರಿ ಆಕೆಗೆ ಇರಲಿಲ್ಲ. ದೊಡ್ಡಗಂಗಮ್ಮ ಎಲೆಯನ್ನು ಮುಟ್ಟಲಿಲ್ಲ. ಬಗ್ಗಿ, ತನ್ನ ಸೊಂಟದ ಬದಿಯ ಸೀರೆಯನ್ನು ಕೊಂಚ ಸರಿಸಿ ಕಮಲಾಕ್ಷಮ್ಮನಿಗೆ ಮಾತ್ರ ಕಾಣುವಂತೆ ತೋರಿಸಿದಳು.

“ನಂಗೂ ಹಾಕವ್ರೆ ತಾಯಿ. ಲಗ್ನ ಮಾಡಿ ಕರ್ಕಂಬಂದಾಗ ನಾನಿನ್ನೂ ಹುಡ್ಗಿ. ಹೊತ್ತು ಮುಳುಗುದ್ರೆ ಅವ್ವ ಬೇಕು ಅಂತ ಅಳ್ತಿದ್ದೆ. ರೋಗ ಇಲ್ಲ, ರುಜಿನ ಇಲ್ಲ. ಅಳು ಒಂದೇಯ. ನಮ್ಮತ್ತೆ ಇದೇ ಜಗಲಿ ಮ್ಯಾಲೆ ಹಾಕುದ್ರು. ಮಾರ್ನೆ ದಿನ್ದಿಂದ ಅಳ್ನಿಲ್ಲ. ಊರೆಲ್ಲಾ ಕೈಗುಣ ಕೈಗುಣ ಅಂದ್ರು.” ಸೀರೆ ಸರಿಮಾಡಿಕೊಂಡಳು. “ಅವ್ವ ಬೇಕು ಅನ್ನಾದು ಹೋಗ್ನಿಲ್ಲ ತಾಯಿ. ಇವತ್ಗೂ ಹೋಗಿಲ್ಲ. ಬಾಯಿ ಮುಚ್ಕತು ಅಷ್ಟೆ. ನಾನ್ ಹಾಕುದ್ ಮಕ್ಳೂ ಅಂಗೇಯ. ಹೆದ್ರಿ ಸುಮ್ನಾಗ್ತಿದ್ವು. ಸುಮ್ನಾದ್ರೆ ವಾಸಿ ಆಯ್ತು ಅಂತಿದ್ವಿ. ಕೈಗುಣ ಅಂದ್ರೆ ಇಷ್ಟೇಯ. ಬೇಕಾ ನಿಮ್ ಮಗೀಗೆ?”

ಕಮಲಾಕ್ಷಮ್ಮ ಮಗುವಿನ ಲಂಗವನ್ನು ಕೆಳಗೆಳೆದು ಸರಿಮಾಡಿದಳು.

ಮೂವರೂ ಮಗುವಿನೊಂದಿಗೆ ಕುಣಿಗಲ್ಲಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ದೊಡ್ಡಗಂಗಮ್ಮ ಚೊಂಬಿನ ನೀರಿನಲ್ಲಿ ಸೆರಗಿನ ತುದಿ ಅದ್ದಿ ಸುಗುಣಳ ಹಣೆ, ಕುತ್ತಿಗೆ ಒರೆಸುತ್ತಲೇ ಇದ್ದಳು. ಆಸ್ಪತ್ರೆಯ ಡಾಕ್ಟರು ನನಗೆ ಚೆನ್ನಾಗಿಯೇ ಬೈದರು. ತುಮಕೂರಿನವನು ಇಲ್ಲಿಗೇಕೆ ಬಂದೆ ಎಂಬುದಕ್ಕೆ ನಾನು ಕೊಟ್ಟ ಕಾರಣ ಅವರಿಗೆ ರುಚಿಸಲಿಲ್ಲ. ಇದು ಜ್ವರದ ಸೆಳವು, ಜ್ವರ ಏರಿದಾಗ ಸಣ್ಣ ಮಕ್ಕಳಿಗೆ ಬರುತ್ತದೆ, ದೊಡ್ಡವರಾಗುತ್ತ ಸಾಮಾನ್ಯವಾಗಿ ತಾನೇ ನಿಂತುಹೋಗುತ್ತದೆ, ಬಂದಾಗ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಸೆಳವು ಬೇಗ ನಿಲ್ಲದಿದ್ದರೆ ಆಸ್ಪತ್ರೆಗೆ ತನ್ನಿ ಎಂದು ಬಿಡಿಸಿ ಹೇಳಿದರು. ಸೂಜಿ ಹಾಕಿದರು. ಹೊರಗೆ ವರಾಂಡದ ಬೆಂಚಿನ ಮೇಲೆ ಕೂತೆವು.

ಜ್ವರ ಇಳಿಯುತ್ತ ಸುಗುಣ ಕಣ್ಣು ಬಿಟ್ಟಳು. ಎದುರಿಗಿದ್ದ ಮುದುಕಿಯ ಒದ್ದೆ ಸೆರಗನ್ನು ನೋಡಿದಳು, ಮುಖ ನೋಡಿದಳು, ಕೈ ಚಾಚಿದಳು. ದೊಡ್ಡಗಂಗಮ್ಮ ತನ್ನ ಬೆರಳು ಕೊಟ್ಟಳು. ಮಗು ಹಿಡಿದುಕೊಂಡಿತು. ಕಮಲಾಕ್ಷಮ್ಮ, “ಎತ್ಕೋ ಗಂಗಮ್ಮ,” ಎಂದು ಮಗುವನ್ನು ಅವಳ ಕಡೆ ಸರಿಸಿದಳು.

ಆ ವರಾಂಡದ ತುಂಬ ಆಕೆಯೇ ಕಳಿಸಿದ ಗಿರಾಕಿಗಳಿದ್ದರು. ಪಕ್ಕದ ಬೆಂಚಿನಲ್ಲಿ ಕೊತ್ತಗೆರೆಯ ಒಬ್ಬ ತಾಯಿ, ಸೂಜಿಗೆ ಹೆದರಿ ಒದ್ದಾಡುತ್ತಿದ್ದ ಮಗನಿಗೆ ಗದರಿಸಿದಳು: “ಅಲ್ನೋಡ್ಲಾ, ಬರೆ ಅಜ್ಜಿ! ಇಲ್ಲಿಗೂ ಬಂದವ್ಳೆ. ಸುಮ್ಕೆ ಸೂಜಿ ಹಾಕಿಸ್ಕತೀಯೋ, ಈಗ್ಲೇ ಅವ್ಳ ಕೈಗೆ ಕೊಡ್ಲೋ?”

ಹುಡುಗ ಕಿಟಾರನೆ ಕಿರುಚಿದ. ಆ ಕಿರುಚಾಟಕ್ಕೆ ಸುಗುಣಳೂ ಬೆದರಿ, ಬೆರಳು ಬಿಟ್ಟು ತಾಯಿಯ ಕುತ್ತಿಗೆಗೆ ತೆಕ್ಕೆಬಿದ್ದಳು. ಕಮಲಾಕ್ಷಮ್ಮನಿಗೆ ರೇಗಿತು. “ಏನಮ್ಮ ನೀನು! ಈಯಮ್ಮ ಯಾರು ಅಂತ ಗೊತ್ತಾ…” ಎಂದು ಶುರುಮಾಡಿದವಳ ಮಂಡಿಯ ಮೇಲೆ ದೊಡ್ಡಗಂಗಮ್ಮ ಕೈಯಿಟ್ಟಳು.

“ಬ್ಯಾಡಿ ತಾಯಿ. ಕೇಳುಸ್ಕತಾರೆ.”

ಆಮೇಲೆ ಎದ್ದುನಿಂತು, ಸೆರಗು ಬಿಗಿದು, ವರಾಂಡಕ್ಕೆಲ್ಲ ಕೇಳುವಂತೆ ಗಂಟಲೇರಿಸಿದಳು: “ಊ ಕಣೇ, ಹಾಕುಸ್ರೇ ಸೂಜಿಯ! ಸೂಜಿ ಇಲ್ದೆ ನನ್ನ ಬಾಗ್ಲಿಗೆ ಬಂದ್ರೆ ಬರೆ ಹಾಕಾಕಿಲ್ಲ, ಹೇಳಿವ್ನಿ!”

ಮಕ್ಕಳೆಲ್ಲ ತಾಯ ಸೆರಗಿನೊಳಗೆ ಮುಖ ಹುದುಗಿಸಿದವು. ತಾಯಂದಿರು ಸಾಲಿನಲ್ಲಿ ಮುಂದೆ ಸರಿದರು. ಆಕೆ ಖಾಲಿ ಚೊಂಬು ಎತ್ತಿಕೊಂಡು, ಯಾವ ಮಗುವನ್ನೂ ನೋಡದೆ, ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆ ಒಬ್ಬಳೇ ನಡೆದುಹೋದಳು. ನಾನು ಜೊತೆಗೆ ಬರುತ್ತೇನೆಂದು ಎದ್ದೆ. “ಮಗ ನೋಡ್ಕಳಿ ಶೆಟ್ರೆ,” ಎಂದಳು, ತಿರುಗದೆಯೇ.

ಆಮೇಲೂ ನಾಲ್ಕೈದು ವರ್ಷ ಸಂತೆಗೆ ಬಂದಳು. ಸುಗುಣಳನ್ನು ಒಮ್ಮೆ ಸಂತೆಗೆ ಕರೆದೊಯ್ದಿದ್ದೆ. ಹೈಕಳ ಬಾಯಲ್ಲಿ ಕೇಳಿ ಅವಳೂ ಬರೆ ಅಜ್ಜಿಯನ್ನು ಕಂಡು ಮೂಟೆಗಳ ಹಿಂದೆ ಅವಿತುಕೊಂಡಳು. ದೊಡ್ಡಗಂಗಮ್ಮ ಮಗು ಎಷ್ಟು ಎತ್ತರವಾಗಿದೆ ಎಂದು ಮಾತ್ರ ದೂರದಿಂದ ಕಣ್ಣಳತೆ ನೋಡಿ, ನನ್ನೊಡನೆ ಮಳೆ ಬೆಳೆಯ ಮಾತಾಡಿ ಹೋದಳು. ಸುಗುಣಳಿಗೆ ಐದು ತುಂಬಿದ ಮೇಲೆ ಸೆಳವು ಬರಲಿಲ್ಲ.

ಎಂಬತ್ತಾರರಲ್ಲಿ ಆಕೆ ತೀರಿಕೊಂಡಳು. ಕೊತ್ತಗೆರೆಯ ಒಬ್ಬ ಹೆಂಗಸು ಸಂತೆಯಲ್ಲಿ ಧನಿಯ ಕೊಳ್ಳುತ್ತ ಹೇಳಿದ್ದು. ಬಾಗಿಲು ತೆರೆಯದ್ದನ್ನು ಕಂಡು ಎದುರುಮನೆಯವರು ಒಳಗೆ ಹೋಗಿ ನೋಡಿದರಂತೆ.

“ಇನ್ನು ಮಕ್ಕಳಿಗೆ ಕಾಯಿಲೆ ಆದ್ರೆ ಏನ್ ಮಾಡ್ತೀರಮ್ಮ?” ಎಂದು ಕೇಳಿದೆ.

“ಇನ್ನೇನ್ ಮಾಡಾದು ಶೆಟ್ರೆ, ಮೊದ್ಲು ಸೂಜಿ ಅಂತ ಅವ್ಳೇ ಅಂತಿದ್ಲು. ಸೂಜೀಗೆ ಹೊಯ್ತೀವಿ. ಬರೆ ಹಾಕೋರ್ನ ಇನ್ನೆಲ್ ಹುಡ್ಕಾಣ?” ಅಂದಳು. ಇಷ್ಟು ವರ್ಷ ದೊಡ್ಡಗಂಗಮ್ಮ ಒಂದಾದರೂ ಬರೆ ಹಾಕಿದ್ದಳೋ ಇಲ್ಲವೋ ಎಂದು ಆ ಹೆಂಗಸು ಯೋಚಿಸಿದ ಹಾಗೆ ಕಾಣಲಿಲ್ಲ. ಧನಿಯ ಮೂಸಿ ನೋಡಿ, ಹಳೇ ಮಾಲು ಎಂದು ನನ್ನನ್ನು ಬೈದು ಹೋದಳು.

ಆಕೆ ಇರುವವರೆಗೆ ಇದನ್ನು ಕಮಲಾಕ್ಷಮ್ಮನ ಹೊರತು ಯಾರಿಗೂ ಹೇಳುವಂತಿರಲಿಲ್ಲ. ಮನೆಗೆ ಬಂದು ಸುಗುಣಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಎಂಟು ವರ್ಷದ ಹುಡುಗಿ ಕೊನೆಯವರೆಗೆ ಕೇಳಿ, “ಅಪ್ಪ, ಅವರು ನನ್ನನ್ನ ಎತ್ಕೊಂಡಿದ್ರಾ?” ಎಂದಳು.

“ಇಲ್ಲ,” ಅಂದೆ.

ನನ್ನ ಮಗಳ ಮೈಮೇಲೆ ಒಂದು ಬರೆಯೂ ಇಲ್ಲ. ಅದಕ್ಕೆ ಕೊತ್ತಗೆರೆಯ ದೊಡ್ಡಗಂಗಮ್ಮನಿಗೆ ನಾನು ಋಣಿ.